ದೊಡ್ಡ ಹೊಟೇಲಿನ ಗಾಳಿ, ನೀರು, ವಿದ್ಯುತ್ತು: ಲೆಕ್ಕ ನೋಡುವ ಒಂದು ಪಾಠ



ನಮ್ಮವರ ಬಾಯಲ್ಲಿ ಹೊಟೇಲು ಎಂದರೆ ಇಡ್ಲಿ, ದೋಸೆ, ಕಾಫಿ ಸಿಗುವ ಸ್ಥಳ. ಊರು ಬಿಟ್ಟು ಬಂದ ನಮ್ಮಲ್ಲಿ ಅನೇಕರು ಈ ಪರಸ್ಥಳದಲ್ಲಿ ಮೊದಲ ತುತ್ತು ಉಂಡದ್ದೂ, ಮೊದಲ ಸಂಬಳ ಎಣಿಸಿದ್ದೂ ಅಲ್ಲಿಯೇ. ಆದರೆ ಈ ಪಾಠದ ವಿಷಯ ಆ ಹೊಟೇಲಲ್ಲ. ನೂರಾರು ಕೋಣೆಗಳಿದ್ದು, ಬಾಗಿಲಲ್ಲಿ ದರವಾನನು ನಿಂತು, ಒಳಗೆ ಕಾಲಿಟ್ಟೊಡನೆ ತಂಪು ಗಾಳಿ ಮುಖಕ್ಕೆ ತಾಗುವ ದೊಡ್ಡ ವಸತಿ ಹೊಟೇಲು. ನಾವು ಅಲ್ಲಿಗೆ ಅತಿಥಿಗಳಾಗಿ ಹೋಗುವುದು ಅಪರೂಪ. ಆದರೆ ಅದರ ನೆಲಮಾಳಿಗೆಯಲ್ಲಿ, ತಾರಸಿಯ ಮೇಲೆ, ಅಡಿಗೆಮನೆಯ ಹಿಂದೆ ದುಡಿಯುವವರು ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಹಲವರಿದ್ದಾರೆ. ಈ ಪಾಠ ಹುಟ್ಟಿದ್ದೇ ಅವರಲ್ಲೊಬ್ಬನಿಂದ.

ಕುಂದಾಪುರದ ಕಡೆಯ ಹುಡುಗ. ಒಂದು ದೊಡ್ಡ ಹೊಟೇಲಿನ ಯಂತ್ರದ ಕೋಣೆಯಲ್ಲಿ ರಾತ್ರಿ ಪಾಳಿಯ ಸಹಾಯಕ. ಒಂದು ಭಾನುವಾರ ಬಂದು, ನಾಲ್ಕಾಗಿ ಮಡಿಚಿದ ಹಾಳೆಯೊಂದನ್ನು ನನ್ನ ಮುಂದೆ ಬಿಡಿಸಿಟ್ಟ. ಗಂಟೆಗೊಂದು ಸಾಲಿನಂತೆ ಅಂಕಿ ತುಂಬುವ ಹಾಳೆ ಅದು.

“ಅಣ್ಣಾ, ಇದನ್ನು ದಿನಾ ತುಂಬುತ್ತೇನೆ. ಏನು ತುಂಬುತ್ತಿದ್ದೇನೆ ಎಂದು ಮಾತ್ರ ಗೊತ್ತಿಲ್ಲ. ಮೇಲಿನ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಕೇಳುತ್ತಾರಂತೆ. ಸ್ವಲ್ಪ ಹೇಳಿಕೊಡಿ,” ಎಂದ.

ಹಾಳೆ ನೋಡಿದೆ. ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಎಲ್ಲ ಸಾಲುಗಳಲ್ಲೂ ಅವೇ ಅಂಕಿಗಳು: ೭, ೧೨, ೩೨, ೩೭. ಒಂದು ಗೀಟಿನಷ್ಟೂ ವ್ಯತ್ಯಾಸವಿಲ್ಲ.

“ತಮ್ಮಾ, ಮಾಪಕ ನೋಡಿ ಬರೆದೆಯೋ, ಮೇಲಿನ ಸಾಲು ನೋಡಿ ಬರೆದೆಯೋ?”

ಅವನು ತಲೆ ತಗ್ಗಿಸಿದ. “ಹಿಂದೆ ಇದ್ದವರೂ ಹೀಗೇ ಬರೆಯುತ್ತಿದ್ದರು, ಅಣ್ಣಾ.”

ನಾನು ಬಯ್ಯಲಿಲ್ಲ. ಬಯ್ಯುವ ಅಧಿಕಾರ ನನಗೆ ಇರಲೂ ಇಲ್ಲ. ಗಿರಣಿಗೆ ಸೇರಿದ ಮೊದಲ ವರ್ಷ, ನೂಲುವ ಖಾತೆಯ ತೇವಾಂಶದ ಪುಸ್ತಕ ಬರೆಯುವುದು ನನ್ನ ಕೆಲಸವಾಗಿತ್ತು. ಮಧ್ಯಾಹ್ನದ ಅಂಕಿಯನ್ನು ಕುರ್ಚಿಯಿಂದ ಏಳದೆ, ಬೆಳಗಿನದನ್ನೇ ನೋಡಿ ಬರೆದದ್ದುಂಟು. ಹೀಗಿರುವಾಗ ಒಂದು ದಿನ ಎಳೆಗಳು ಒಂದೇ ಸಮನೆ ಹರಿಯತೊಡಗಿದವು. ಜಾಬರನು ಕೆಲಸಗಾರರ ಮೇಲೆ ಹರಿಹಾಯ್ದ. ನಾಲ್ವರಿಗೆ ಆ ದಿನದ ಕೂಲಿಯಲ್ಲಿ ಕಡಿತವಾಯಿತು. ಸಂಜೆ ನೋಡಿದರೆ ಗಾಳಿಗೆ ನೀರು ಸಿಂಪಡಿಸುವ ನಳಿಗೆಗಳು ಕಟ್ಟಿಕೊಂಡಿದ್ದವು. ಹತ್ತಿ ನೂಲು ಒಣಗಿದರೆ ಹರಿಯದೆ ಏನಾದೀತು? ಪುಸ್ತಕದಲ್ಲಿ ಮಾತ್ರ ತೇವ ಸರಿಯಾಗಿಯೇ ಇತ್ತು. ಬರೆದವನು ನಾನು. ಆ ನಾಲ್ವರ ಮುಖ ನನಗೆ ಇಂದಿಗೂ ನೆನಪಿದೆ.

ನಾನು ಮೆಟ್ರಿಕ್ ಓದಿದ ಗುಮಾಸ್ತ, ಇಂಜಿನಿಯರನಲ್ಲ. ಆದರೂ ಲೆಕ್ಕ ನೋಡಬಲ್ಲೆ. ದೊಡ್ಡ ಹೊಟೇಲಿನ ಯಂತ್ರಗಳನ್ನು ಪರೀಕ್ಷಿಸುವುದೆಂದರೆ ಮುಖ್ಯವಾಗಿ ಲೆಕ್ಕ ನೋಡುವುದೇ. ಗಾಳಿ ಎಷ್ಟು ಬಂತು, ಎಷ್ಟು ಹೋಯಿತು. ಶಾಖ ಎಲ್ಲಿಂದ ಹೊರಟು ಎಲ್ಲಿಗೆ ಸೇರಿತು. ಒಂದು ಖಾತೆಯಲ್ಲಿ ಉಳಿದ ಹಣ ಮತ್ತೊಂದು ಖಾತೆಯಲ್ಲಿ ನಷ್ಟವಾಗಿ ಕಾಣಿಸಿಕೊಂಡಿತೇ. ಇಷ್ಟೇ.

೧. ಗಿರಣಿಯಿಂದ ಹೊಟೇಲಿಗೆ

ಯಂತ್ರದಿಂದ ಗಾಳಿಯನ್ನು ಹದಗೊಳಿಸುವ ವಿದ್ಯೆ ಶ್ರೀಮಂತರ ಸುಖಕ್ಕಾಗಿ ಹುಟ್ಟಿದ್ದಲ್ಲ, ಕಾರ್ಖಾನೆಯ ಕೆಲಸಕ್ಕಾಗಿ ಹುಟ್ಟಿದ್ದು. ೧೯೦೨ರಲ್ಲಿ ಅಮೆರಿಕದ ಬ್ರೂಕ್ಲಿನ್‌ನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರನು ಗಾಳಿಯ ಶಾಖವನ್ನೂ ತೇವವನ್ನೂ ಹಿಡಿತದಲ್ಲಿಡುವ ಯಂತ್ರವನ್ನು ರೂಪಿಸಿದನು. ಇನ್ನು ‘ಏರ್ ಕಂಡೀಷನಿಂಗ್’ ಎಂಬ ಹೆಸರು ಬಂದದ್ದು ಹತ್ತಿ ಗಿರಣಿಗಳ ಕಡೆಯಿಂದ. ಉತ್ತರ ಕೆರೊಲಿನಾದ ಸ್ಟುವರ್ಟ್ ಕ್ರೇಮರ್ ಎಂಬವರು ೧೯೦೬ರಲ್ಲಿ, ಗಿರಣಿಯ ಗಾಳಿಗೆ ತೇವ ಕೂಡಿಸುವ ತಮ್ಮ ಕ್ರಮಕ್ಕೆ ಈ ಹೆಸರು ಕೊಟ್ಟರು. ನೂಲಿಗೆ ಹದ ಕೊಡುವಂತೆಯೇ ಗಾಳಿಗೂ ಹದ ಕೊಡುವುದು ಎಂಬ ಅರ್ಥ. ಆದುದರಿಂದ ಗಿರಣಿಯ ಗುಮಾಸ್ತನೊಬ್ಬ ಹೊಟೇಲಿನ ಗಾಳಿಯ ಬಗ್ಗೆ ಬರೆದರೆ ಅದು ಅಷ್ಟೇನೂ ಅಧಿಕಪ್ರಸಂಗವಲ್ಲ.

ಅದಕ್ಕೆ ಮೊದಲು ಕಟ್ಟಡವೇ ಯಂತ್ರದ ಕೆಲಸ ಮಾಡುತ್ತಿತ್ತು. ಮುಂಬಯಿಯ ತಾಜಮಹಲ್ ಹೊಟೇಲು ತೆರೆದದ್ದು ೧೯೦೩ರಲ್ಲಿ. ಆ ಕಾಲದ ಕಟ್ಟಡಗಳ ಎತ್ತರದ ಛಾವಣಿ, ಅಗಲದ ಮೊಗಸಾಲೆ, ಎದುರು ಬದುರು ಕಿಟಕಿಗಳನ್ನು ನೋಡಿದವರಿಗೆ ಗಾಳಿಯ ದಾರಿ ಕಣ್ಣಿಗೆ ಕಾಣುತ್ತದೆ. ಈಗಿನ ಹೊಟೇಲಿನ ಕಿಟಕಿ ಮುಚ್ಚಿದ ಗಾಜು. ಗಾಳಿಯ ದಾರಿ ಛಾವಣಿಯ ಮೇಲಿನ ತಗಡಿನ ಡಕ್ಟಿನೊಳಗೆ ಅಡಗಿದೆ. ಕಣ್ಣಿಗೆ ಕಾಣದ್ದನ್ನು ಹುಡುಕಿ ನೋಡುವವರು ಬೇಕು.

೨. ಹೊಟೇಲಿನ ಉಸಿರಾಟ

ಮುಚ್ಚಿದ ಕಟ್ಟಡಕ್ಕೆ ಎರಡು ಬಗೆಯ ಗಾಳಿ ಬೇಕು. ಒಂದು, ಒಳಗಿನದೇ ಗಾಳಿಯನ್ನು ಎಳೆದು, ಸೋಸಿ, ತಂಪು ಮಾಡಿ ತಿರುಗಿ ಬಿಡುವುದು. ಎರಡು, ಹೊರಗಿನಿಂದ ತರುವ ಹೊಸ ಗಾಳಿ. ತಂಪಾಗಿದ್ದರೆ ಸಾಕು, ಗಾಳಿ ಚೆನ್ನಾಗಿದೆ ಎಂದು ನಾವು ತಿಳಿಯುತ್ತೇವೆ. ಇದು ದೊಡ್ಡ ತಪ್ಪು. ಹಳಸಿದ ಅನ್ನವನ್ನು ತಣ್ಣಗಿಟ್ಟರೆ ಅದು ಹೊಸ ಅನ್ನವಾಗುವುದಿಲ್ಲ.

ಗಾಳಿ ಹಳಸಿದೆಯೋ ಇಲ್ಲವೋ ಎಂಬುದಕ್ಕೆ ಇಂಗಾಲದ ಡೈಆಕ್ಸೈಡು ಒಳ್ಳೆಯ ಗುರುತು. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ ೪೦೦ಕ್ಕೂ ಸ್ವಲ್ಪ ಹೆಚ್ಚು. ಜನ ಸೇರಿದ ಮುಚ್ಚಿದ ಸಭಾಂಗಣದಲ್ಲಿ ಅದು ೧,೦೦೦ ದಾಟಿತೆಂದರೆ ಹೊಸ ಗಾಳಿ ಸಾಲದು ಎಂದು ತಿಳಿಯಬೇಕು. ಕೈಯಲ್ಲಿ ಹಿಡಿಯುವ ಚಿಕ್ಕ ಮಾಪಕದಿಂದ ಇದನ್ನು ನೋಡಬಹುದು. ಮದುವೆಯ ಆರತಕ್ಷತೆಯ ಹೊತ್ತಿಗೆ ಸಭಾಂಗಣದಲ್ಲಿ ಆಕಳಿಕೆ, ತಲೆನೋವು ಬಂದರೆ ಅದಕ್ಕೆ ಊಟ ಒಂದೇ ಕಾರಣವಲ್ಲ.

ಹೊಸ ಗಾಳಿಯ ಲೆಕ್ಕ ಹೀಗೆ. ತಲೆಗೆ ಸೆಕೆಂಡಿಗೆ ಸುಮಾರು ೭ ಲೀಟರು ಎಂದು ಹಿಡಿದರೆ, ೩೦೦ ಜನರ ಸಭಾಂಗಣಕ್ಕೆ ೨,೧೦೦ ಲೀಟರು. ಇಷ್ಟು ಬರುತ್ತಿದೆಯೇ ಎಂಬುದನ್ನು ಗಾಳಿ ಒಳಬರುವ ಜಾಲರಿಯ ಮುಂದೆ ವೇಗ ಅಳೆದು, ಜಾಲರಿಯ ಅಗಲ ಎತ್ತರಗಳಿಂದ ಗುಣಿಸಿ ಕಂಡುಕೊಳ್ಳಬಹುದು. ಕುಳಿತ ಮನುಷ್ಯನೊಬ್ಬನು ಸುಮಾರು ೧೦೦ ವಾಟಿನ ದೀಪದಷ್ಟು ಶಾಖವನ್ನೂ ಬಿಡುತ್ತಾನೆ. ೩೦೦ ಜನರೆಂದರೆ ೩೦ ಕಿಲೋವಾಟು. ಜನರೇ ಒಂದು ಒಲೆ!

ಇನ್ನು ಗಾಳಿಯ ದಿಕ್ಕು. ಅಡಿಗೆಮನೆಯ ಗಾಳಿ ಊಟದ ಹಾಲಿಗೆ ಬರಬಾರದು. ಹಾಲಿನ ಗಾಳಿ ಅಡಿಗೆಮನೆಯ ಕಡೆಗೆ ಮೆಲ್ಲನೆ ಸರಿಯಬೇಕು. ಬಚ್ಚಲಿನ ಗಾಳಿ ಕೋಣೆಗೆ ಬರಬಾರದು. ಇದನ್ನು ನೋಡಲು ಉಪಕರಣವೇ ಬೇಕಿಲ್ಲ. ತೆಳ್ಳಗಿನ ಕಾಗದದ ಚೂರೊಂದನ್ನು ಬಾಗಿಲ ಸಂದಿನ ಬಳಿ ಹಿಡಿಯಿರಿ. ಅದು ಯಾವ ಕಡೆ ಬಾಗುತ್ತದೆಯೋ ಗಾಳಿ ಆ ಕಡೆಗೆ ಹೋಗುತ್ತಿದೆ. ಬಚ್ಚಲಿನ ಎಕ್ಸಾಸ್ಟ್ ಜಾಲರಿಗೆ ಅದೇ ಕಾಗದ ಅಂಟಿ ನಿಲ್ಲಬೇಕು. ಕೆಳಗೆ ಬಿದ್ದರೆ, ಮೇಲೆ ಫ್ಯಾನು ತಿರುಗುತ್ತಿದ್ದರೂ ಅದು ಲೆಕ್ಕಕ್ಕಿಲ್ಲ.

ಅಡಿಗೆಮನೆಯಲ್ಲಿ ಹೊಗೆ ಎಳೆಯುವ ದೊಡ್ಡ ಫ್ಯಾನು ಹಾಕಿ, ಅದರ ಬದಲಿಗೆ ಬರಬೇಕಾದ ಗಾಳಿಗೆ ದಾರಿ ಬಿಡದಿದ್ದರೆ ಏನಾಗುತ್ತದೆ? ಬಾಗಿಲು ತೆರೆಯಲು ಬಲ ಹಾಕಬೇಕಾಗುತ್ತದೆ. ಒಲೆಯ ಹೊಗೆ ಪೂರ್ತಿ ಮೇಲೇರದೆ ಅಡಿಗೆಯವನ ಮುಖಕ್ಕೇ ಬರುತ್ತದೆ. ಜೊತೆಗೆ, ಹಣ ಕೊಟ್ಟು ತಂಪು ಮಾಡಿದ ಹಾಲಿನ ಗಾಳಿಯೆಲ್ಲ ಅಡಿಗೆಮನೆಯ ಹೊಗೆಗೂಡಿನ ಮೂಲಕ ಆಕಾಶಕ್ಕೆ ಹೋಗುತ್ತದೆ. ಜಮೆಯಿಲ್ಲದೆ ಖರ್ಚು ಬರೆದರೆ ಖಾತೆ ಹೊಂದುವುದು ಹೇಗೆ?

೩. ಶಾಖದ ಜಮಾ-ಖರ್ಚು

ತಂಪು ಎಂಬುದನ್ನು ಯಾವ ಯಂತ್ರವೂ ತಯಾರಿಸುವುದಿಲ್ಲ. ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ. ಈ ಹೊರೆ ಕೈಯಿಂದ ಕೈಗೆ ಹೋಗುವ ಕ್ರಮವನ್ನು ನೋಡಿರಿ.

ಕೋಣೆಯ ಶಾಖವನ್ನು ಗಾಳಿ ಹೊರುತ್ತದೆ. ಗಾಳಿ ಅದನ್ನು ಕೊಳವೆಯೊಳಗಿನ ತಣ್ಣೀರಿಗೆ ಕೊಡುತ್ತದೆ. ಆ ನೀರು ಯಂತ್ರದ ಕೋಣೆಗೆ ಬಂದು ಚಿಲ್ಲರ್ ಎಂಬ ದೊಡ್ಡ ಶೀತಕ ಯಂತ್ರಕ್ಕೆ ಕೊಡುತ್ತದೆ. ಚಿಲ್ಲರು ಅದನ್ನು ಇನ್ನೊಂದು ಸುತ್ತಿನ ನೀರಿಗೆ ದಾಟಿಸುತ್ತದೆ. ಆ ನೀರು ತಾರಸಿಯ ಮೇಲಿನ ಕೂಲಿಂಗ್ ಟವರಿಗೆ ಏರಿ, ಹನಿಹನಿಯಾಗಿ ಬಿದ್ದು, ಗಾಳಿಗೆ ತನ್ನ ಶಾಖವನ್ನು ಬಿಟ್ಟು ಕೆಳಗಿಳಿಯುತ್ತದೆ.

ಈಗ ಹುಡುಗನ ಹಾಳೆಯ ನಾಲ್ಕು ಅಂಕಿಗಳು ಅರ್ಥವಾಗುತ್ತವೆ. ೭ ಡಿಗ್ರಿ ಎಂದರೆ ಚಿಲ್ಲರಿನಿಂದ ಹೊರಟ ತಣ್ಣೀರು. ೧೨ ಎಂದರೆ ಕಟ್ಟಡ ಸುತ್ತಿ ಮರಳಿದ ನೀರು. ೩೨ ಎಂದರೆ ಟವರಿನಿಂದ ಇಳಿದ ನೀರು. ೩೭ ಎಂದರೆ ಶಾಖ ಹೊತ್ತು ಟವರಿಗೆ ಹೊರಟ ನೀರು. ಇವು ಪುಸ್ತಕದಲ್ಲಿ ಬರೆಯುವ ಆದರ್ಶದ ಅಂಕಿಗಳು. ಇಡೀ ರಾತ್ರಿ ಯಾವ ಯಂತ್ರವೂ ಹೀಗೆ ಪುಸ್ತಕದಂತೆ ನಡೆಯುವುದಿಲ್ಲ.

ಶೀತಕ ಯಂತ್ರದ ಅಳತೆಗೆ ಟನ್ ಎನ್ನುತ್ತಾರೆ. ಮಂಜುಗಡ್ಡೆಯ ಕಾಲದ ಮಾತು ಅದು: ಒಂದು ಅಮೆರಿಕನ್ ಟನ್ ಮಂಜುಗಡ್ಡೆ ೨೪ ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ದರ. ನಮ್ಮ ಲೆಕ್ಕಕ್ಕೆ ಗಂಟೆಗೆ ೩,೦೨೪ ಕಿಲೋಕ್ಯಾಲೊರಿ, ಅಥವಾ ಸುಮಾರು ೩.೫ ಕಿಲೋವಾಟು. ಸೂತ್ರ ಬಹಳ ಸುಲಭ:

ಗಂಟೆಗೆ ಹರಿದ ತಣ್ಣೀರು (ಲೀಟರು) × ಎರಡು ಉಷ್ಣತೆಗಳ ವ್ಯತ್ಯಾಸ ÷ ೩,೦೨೪ = ಟನ್.

ಉದಾಹರಣೆಗೆ ಗಂಟೆಗೆ ೧,೮೧,೪೪೦ ಲೀಟರು ಹರಿದು, ವ್ಯತ್ಯಾಸ ೫ ಡಿಗ್ರಿ ಇದ್ದರೆ ೩೦೦ ಟನ್. ಅದೇ ನೀರು ಹರಿದು ವ್ಯತ್ಯಾಸ ೩ ಡಿಗ್ರಿಗೆ ಇಳಿದರೆ ೧೮೦ ಟನ್ ಮಾತ್ರ. ಒಂದು ಅಂಕಿಯನ್ನು ನಕಲು ಮಾಡಿದ್ದರಿಂದ ೧೨೦ ಟನ್ ಕೆಲಸ ಸುಳ್ಳಾಗಿ ಜಮೆಯಾಯಿತು ಎಂಬುದನ್ನು ಗಮನಿಸಬೇಕು.

ಟನ್ನಿಗೆ ಎಷ್ಟು ವಿದ್ಯುತ್ತು ಎಂಬುದೇ ಯಂತ್ರದ ಆರೋಗ್ಯ. ನೀರಿನಿಂದ ತಣಿಯುವ ಒಳ್ಳೆಯ ಚಿಲ್ಲರು ಟನ್ನಿಗೆ ೦.೬ ಕಿಲೋವಾಟಿನ ಆಸುಪಾಸಿನಲ್ಲಿ ನಡೆಯುತ್ತದೆ. ಹಳೆಯದಾಗಿ, ಕೊಳವೆಗಳಲ್ಲಿ ಸುಣ್ಣ ಕಟ್ಟಿದ್ದರೆ ೦.೯ ಆಗಬಹುದು. ೩೦೦ ಟನ್ನಿಗೆ ಲೆಕ್ಕ ಹಾಕಿರಿ: ಒಂದು ಕಡೆ ಗಂಟೆಗೆ ೧೮೦ ಯುನಿಟ್ಟು, ಇನ್ನೊಂದು ಕಡೆ ೨೭೦. ವ್ಯತ್ಯಾಸ ೯೦. ದಿನಕ್ಕೆ ೧೨ ಗಂಟೆ ನಡೆದರೆ ೧,೦೮೦ ಯುನಿಟ್ಟು. ಯುನಿಟ್ಟಿಗೆ ೧೦ ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ ೧೦,೮೦೦ ರೂಪಾಯಿ, ೩೦ ದಿನಕ್ಕೆ ೩,೨೪,೦೦೦ ರೂಪಾಯಿ. ಕೊಳವೆ ತಿಕ್ಕಿ ತೊಳೆಯುವ ಕೂಲಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು.

ಹೊಂದಾಣಿಕೆಯ ಪರೀಕ್ಷೆಯೂ ಒಂದಿದೆ. ಯಂತ್ರ ನುಂಗಿದ ವಿದ್ಯುತ್ತೂ ಕೊನೆಗೆ ಶಾಖವೇ ಆಗುತ್ತದೆ. ಆದ್ದರಿಂದ ಕಟ್ಟಡದಿಂದ ಬಂದ ಶಾಖ ಮತ್ತು ಯಂತ್ರದ ವಿದ್ಯುತ್ತು ಎರಡನ್ನೂ ಕೂಡಿಸಿದರೆ, ಟವರಿಗೆ ಹೋದ ಶಾಖಕ್ಕೆ ಸಮನಾಗಬೇಕು. ೩೦೦ ಟನ್ ಎಂದರೆ ೧,೦೫೫ ಕಿಲೋವಾಟು; ಅದಕ್ಕೆ ೧೮೦ ಕೂಡಿಸಿದರೆ ೧,೨೩೫. ಟವರಿನ ನೀರಿನಿಂದ ಲೆಕ್ಕ ಹಾಕಿದಾಗಲೂ ಹತ್ತಿರ ಹತ್ತಿರ ಇದೇ ಬರಬೇಕು. ಬಾರದಿದ್ದರೆ ಯಾವುದೋ ಮಾಪಕ ಸುಳ್ಳು ಹೇಳುತ್ತಿದೆ, ಇಲ್ಲವೇ ಬರೆದವನು.

ಫ್ಯಾನು, ಪಂಪುಗಳ ವಿಷಯದಲ್ಲಿ ಒಂದು ನಿಯಮ ತಿಳಿದಿರಬೇಕು. ವೇಗವನ್ನು ೧೦೦ರಿಂದ ೮೦ಕ್ಕೆ ಇಳಿಸಿದರೆ ವಿದ್ಯುತ್ತು ೮೦ಕ್ಕೆ ಇಳಿಯುವುದಿಲ್ಲ, ೦.೮ನ್ನು ಮೂರು ಬಾರಿ ಗುಣಿಸಿದಷ್ಟು, ಎಂದರೆ ಸುಮಾರು ೫೧ಕ್ಕೆ ಇಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಖಾಲಿ ಸಭಾಂಗಣದ ಫ್ಯಾನು ಪೂರ್ಣ ವೇಗದಲ್ಲಿ ತಿರುಗುವುದು ಎಷ್ಟು ದಂಡ ಎಂಬುದು ಇದರಿಂದ ತಿಳಿಯುತ್ತದೆ. ಅಂತೆಯೇ ತಂಪನ್ನು ಒಂದೊಂದು ಡಿಗ್ರಿ ಕಡಿಮೆ ಬೇಡಿದರೆ ಸುಮಾರು ೬ ಪಾಲು ವಿದ್ಯುತ್ತು ಉಳಿಯುತ್ತದೆಂದು ಭಾರತ ಸರಕಾರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ೨೦೦೧ರ ಕಾಯಿದೆಯಂತೆ ೨೦೦೨ರಲ್ಲಿ ಆರಂಭವಾದ ಸಂಸ್ಥೆ ಅದು.

೪. ಉಳಿತಾಯದ ಇನ್ನೊಂದು ಮುಖ

ಇಲ್ಲಿಯವರೆಗೆ ಓದಿದವರಿಗೆ, ಎಲ್ಲವನ್ನೂ ಕಡಿಮೆ ಮಾಡುವುದೇ ಜಾಣತನ ಎನಿಸಬಹುದು. ಇಲ್ಲಿಯೇ ಎಚ್ಚರ ಬೇಕು.

೧೯೭೩ರ ಅಕ್ಟೋಬರದಲ್ಲಿ ಅರಬ್ ರಾಷ್ಟ್ರಗಳು ತೈಲ ತಡೆದವು. ಕೆಲವೇ ತಿಂಗಳುಗಳಲ್ಲಿ ತೈಲದ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪಶ್ಚಿಮದ ದೇಶಗಳ ದೊಡ್ಡ ಕಟ್ಟಡಗಳಲ್ಲಿ ಉಳಿತಾಯಕ್ಕೆಂದು ಹೊರಗಿನ ಗಾಳಿಯನ್ನೇ ಕಡಿಮೆ ಮಾಡಿದರು; ಅದನ್ನು ಹದಗೊಳಿಸಲು ಇಂಧನ ಬೇಕಷ್ಟೆ. ಅಮೆರಿಕದ ಇಂಜಿನಿಯರುಗಳ ಸಂಘದ ೧೯೮೧ರ ನಿಯಮದಲ್ಲಿ ತಲೆಗೆ ಕನಿಷ್ಠ ಗಾಳಿ ಮಿನಿಟಿಗೆ ೫ ಘನ ಅಡಿಗೆ, ಎಂದರೆ ಸೆಕೆಂಡಿಗೆ ಎರಡೂವರೆ ಲೀಟರಿಗಿಂತ ಕೆಳಗೆ ಇಳಿದಿತ್ತು. ಕಚೇರಿಗಳಲ್ಲಿ ತಲೆನೋವು, ಕಣ್ಣುರಿ, ಕೆಮ್ಮಿನ ದೂರುಗಳು ಬಂದವು. ೧೯೮೯ರಲ್ಲಿ ಅದೇ ಸಂಘ ಆ ಅಂಕಿಯನ್ನು ೧೫ ಘನ ಅಡಿಗೆ, ನಾವು ಮೇಲೆ ಹಿಡಿದ ೭ ಲೀಟರಿಗೆ, ಏರಿಸಬೇಕಾಯಿತು. ವಿದ್ಯುತ್ತಿನ ಖಾತೆಯಲ್ಲಿ ಉಳಿದದ್ದು ಆರೋಗ್ಯದ ಖಾತೆಯಲ್ಲಿ ಖರ್ಚಾಗಿತ್ತು.

ಬಿಸಿನೀರಿನದೂ ಇದೇ ಕಥೆ. ಸ್ನಾನಕ್ಕೆ ೪೦ ಡಿಗ್ರಿ ಸಾಕಲ್ಲ, ತೊಟ್ಟಿಯಲ್ಲಿ ೬೦ ಏಕೆ ಇಡಬೇಕು ಎಂದು ಕೇಳುವವರಿದ್ದಾರೆ. ಕೇಳುವುದು ನ್ಯಾಯವೇ. ಉತ್ತರ ಮುಂದಿನ ಭಾಗದಲ್ಲಿದೆ.

೫. ಫಿಲಡೆಲ್ಫಿಯದ ಪಾಠ

೧೯೭೬ ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷ. ಜುಲೈ ೨೧ರಿಂದ ೨೪ರವರೆಗೆ ಫಿಲಡೆಲ್ಫಿಯ ನಗರದ ಬೆಲ್‌ವ್ಯೂ-ಸ್ಟ್ರ್ಯಾಟ್‌ಫರ್ಡ್ ಎಂಬ ಪ್ರಸಿದ್ಧ ಹೊಟೇಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಸೈನಿಕರ ಸಂಘದ ಪೆನ್ಸಿಲ್ವೇನಿಯ ಶಾಖೆಯ ಅಧಿವೇಶನ ನಡೆಯಿತು. ೧೯೦೪ರಲ್ಲಿ ತೆರೆದ, ಬ್ರಾಡ್ ಸ್ಟ್ರೀಟಿನ ಭವ್ಯವಾದ ಕಟ್ಟಡ ಅದು. ಅಧಿವೇಶನ ಮುಗಿದು ಜನ ತಮ್ಮ ತಮ್ಮ ಊರಿಗೆ ಹೋದರು. ಕೆಲವೇ ದಿನಗಳಲ್ಲಿ ಒಬ್ಬೊಬ್ಬರಾಗಿ ಜ್ವರ, ಕೆಮ್ಮು, ನ್ಯುಮೋನಿಯದಿಂದ ಮಲಗಿದರು. ಅಲ್ಲಿ ಸೇರಿದ್ದವರಲ್ಲಿ ರೋಗ ಬಂದವರು ೧೮೨ ಮಂದಿ, ಸತ್ತವರು ೨೯. ಹೊಟೇಲಿನೊಳಗೆ ಅಧಿವೇಶನಕ್ಕೆ ಹೋಗದೆ, ಹತ್ತಿರದ ಬೀದಿಯಲ್ಲಿ ಓಡಾಡಿದ್ದವರಲ್ಲಿ ೩೯ ಮಂದಿಗೆ ಇದೇ ಬಗೆಯ ರೋಗ ಬಂತು. ಅವರಲ್ಲಿ ೫ ಮಂದಿ ಸತ್ತರು. ಒಟ್ಟು ೨೨೧ ಮಂದಿ ರೋಗಿಗಳು, ೩೪ ಸಾವು.

ವಿಷವೋ, ಜ್ವರವೋ, ಯಾರದಾದರೂ ಪಿತೂರಿಯೋ ಎಂದು ದೇಶವೇ ಹೆದರಿತು. ಸರಕಾರದ ರೋಗ ನಿಯಂತ್ರಣ ಕೇಂದ್ರದವರು ಬಂದು ವಿಚಾರಣೆ ನಡೆಸಿದರು. ಅವರ ವಿಚಾರಣೆಯ ಕ್ರಮ ಗುಮಾಸ್ತರಾದ ನಮಗೆ ಮೆಚ್ಚಿಕೆಯಾಗಬೇಕು: ಯಾರು ಯಾವ ಹೊತ್ತಿನಲ್ಲಿ ಎಲ್ಲಿದ್ದರು, ಏನು ಉಂಡರು, ಏನು ಕುಡಿದರು ಎಂದು ಪಟ್ಟಿ ಬರೆದರು. ಪಟ್ಟಿಯನ್ನು ಹೋಲಿಸಿದಾಗ, ರೋಗ ಬಂದವರು ಹೊಟೇಲಿನ ಮುಂಭಾಗದ ಹಜಾರದಲ್ಲಿ ಹೆಚ್ಚು ಹೊತ್ತು ಕಳೆದಿದ್ದರೆಂದು ಕಂಡಿತು. ಒಬ್ಬರಿಂದ ಒಬ್ಬರಿಗೆ ರೋಗ ಹರಡಿರಲಿಲ್ಲ. ಗಾಳಿಯ ಮೂಲಕವೇ ಬಂದಿರಬೇಕೆಂದು ಅವರು ತೀರ್ಮಾನಿಸಿದರು.

ಆದರೆ ಗಾಳಿಯಲ್ಲಿ ಬಂದದ್ದೇನು? ತಿಂಗಳುಗಟ್ಟಲೆ ಸಿಕ್ಕಲಿಲ್ಲ. ಕೊನೆಗೆ ಆ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಎಂಬ ವಿಜ್ಞಾನಿ, ಹಿಂದೆ ನೋಡಿ ಬದಿಗಿಟ್ಟ ಗಾಜಿನ ಫಲಕಗಳನ್ನು ಮತ್ತೊಮ್ಮೆ ತೆಗೆದು ನೋಡಿದರು. ಅಲ್ಲಿತ್ತು, ಅದುವರೆಗೆ ಹೆಸರಿಲ್ಲದಿದ್ದ ಜೀವಾಣು. ೧೯೭೭ರ ಜನವರಿಯಲ್ಲಿ ಅದನ್ನು ಪ್ರಕಟಿಸಿದರು. ಲೀಜನ್ ಸಂಘದ ಹೆಸರಿನಿಂದಲೇ ಅದಕ್ಕೆ ಲೀಜಿಯೊನೆಲ್ಲ ಎಂಬ ಹೆಸರಾಯಿತು.

ಈ ಜೀವಾಣು ಕೆರೆ, ಹೊಳೆಗಳಲ್ಲಿ ಸಹಜವಾಗಿ ಇರುವಂಥದು. ೨೦ರಿಂದ ೪೫ ಡಿಗ್ರಿಯ ಬೆಚ್ಚನೆಯ ನೀರಿನಲ್ಲಿ, ಲೋಳೆ, ತುಕ್ಕು, ಪಾಚಿಗಳ ಆಸರೆಯಲ್ಲಿ ಬೆಳೆಯುತ್ತದೆ. ೩೫ರ ಸುಮಾರು ಅದಕ್ಕೆ ಬಹಳ ಹಿತ. ಓದುಗರೇ, ಟವರಿನ ಅಂಕಿಗಳನ್ನು ನೆನಪಿಸಿಕೊಳ್ಳಿರಿ: ೩೨, ೩೭. ನಾವು ತಂಪಿಗೆಂದು ಕಟ್ಟಿದ ತೊಟ್ಟಿ ಆ ಜೀವಾಣುವಿಗೆ ಬಾಣಂತಿಯ ಕೋಣೆಯಿದ್ದಂತೆ. ಟವರಿನ ಫ್ಯಾನು ನೀರಿನ ಸಣ್ಣ ಹನಿಗಳನ್ನು ಗಾಳಿಗೆ ತೂರುತ್ತದೆ. ಆ ಹನಿ ಉಸಿರಿನೊಡನೆ ಶ್ವಾಸಕೋಶಕ್ಕೆ ಇಳಿದರೆ ರೋಗ. ನೀರು ೬೦ ಡಿಗ್ರಿಗೆ ಏರಿದರೆ ಜೀವಾಣು ಸಾಯುತ್ತದೆ. ಬಿಸಿನೀರಿನ ತೊಟ್ಟಿಯಲ್ಲಿ ೬೦ ಇರಬೇಕು, ನಲ್ಲಿಯವರೆಗೂ ೫೦ಕ್ಕೆ ಇಳಿಯಬಾರದು ಎಂಬ ಮಾತಿಗೆ ಇದೇ ಕಾರಣ. ಆದರೆ ೫೦ ಡಿಗ್ರಿಯ ನೀರು ಮೈ ಸುಟ್ಟೀತು. ಸ್ನಾನದ ನಲ್ಲಿಯ ಬಳಿ ತಣ್ಣೀರು ಬೆರೆಸುವ ಕೀಲು ಬೇಕು. ಉಳಿತಾಯ ಬೇಕಿದ್ದರೆ ತೊಟ್ಟಿಯ ಮೈಗೆ ಹೊದಿಕೆ ಹಾಕಿರಿ, ಚಿಲ್ಲರು ಹೊರಹಾಕುವ ಶಾಖದಿಂದ ನೀರನ್ನು ಮೊದಲು ಬೆಚ್ಚಗೆ ಮಾಡಿಕೊಳ್ಳಿರಿ. ಆದರೆ ೬೦ನ್ನು ಇಳಿಸಬೇಡಿರಿ.

ಆ ಹೊಟೇಲಿನಲ್ಲಿ ಜೀವಾಣುವಿನ ನೆಲೆ ಕೊನೆಗೂ ಸಿಕ್ಕಲಿಲ್ಲ. ಕೂಲಿಂಗ್ ಟವರಿನ ಮೇಲೆ ಬಲವಾದ ಸಂದೇಹ ಉಳಿಯಿತು. ಮುಂದೆ ಬೇರೆ ಕಡೆಗಳಲ್ಲಿ ಟವರುಗಳೇ ಕಾರಣವೆಂದು ರುಜುವಾತಾಯಿತು. ಹೊಟೇಲಿಗೆ ಜನ ಬರುವುದು ನಿಂತು ೧೯೭೬ರ ನವೆಂಬರದಲ್ಲಿ ಅದು ಬಾಗಿಲು ಹಾಕಿತು. ಅಲ್ಲಿನ ನೌಕರರು ಎಲ್ಲಿಗೆ ಹೋದರು ಎಂದು ಯಾರೂ ಪಟ್ಟಿ ಬರೆದಂತೆ ಕಾಣುವುದಿಲ್ಲ. ಎರಡು ವರ್ಷ ಮೊದಲು, ೧೯೭೪ರಲ್ಲಿ, ಅದೇ ಹೊಟೇಲಿನಲ್ಲಿ ಸೇರಿದ್ದ ಇನ್ನೊಂದು ಸಂಘದವರಿಗೂ ಇದೇ ರೋಗ ಬಂದಿತ್ತೆಂದು ಆಮೇಲೆ ತಿಳಿಯಿತು. ಆಗ ಯಾರೂ ಕೂಡಿಸಿ ನೋಡಿರಲಿಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. ೨೦೧೫ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್ ಭಾಗದಲ್ಲಿ ಒಂದು ಹೊಟೇಲಿನ ಕೂಲಿಂಗ್ ಟವರಿನಿಂದ ೧೩೮ ಮಂದಿಗೆ ರೋಗ ಬಂದು ೧೬ ಮಂದಿ ಸತ್ತರು. ಆ ವರ್ಷವೇ ಆ ನಗರ ಎಲ್ಲ ಕೂಲಿಂಗ್ ಟವರುಗಳನ್ನೂ ದಾಖಲೆ ಮಾಡಿಸಿ, ಕಾಲಕಾಲಕ್ಕೆ ಪರೀಕ್ಷಿಸಬೇಕೆಂದು ಕಾನೂನು ಮಾಡಿತು.

೬. ಹೊಗೆಯ ದಾರಿ

ಗಾಳಿಯ ದಾರಿಯೇ ಬೆಂಕಿಯ ಹೊತ್ತಿನಲ್ಲಿ ಹೊಗೆಯ ದಾರಿ. ೧೯೮೦ರ ನವೆಂಬರ ೨೧ರಂದು ಲಾಸ್ ವೇಗಸ್ ನಗರದ ಎಂ.ಜಿ.ಎಂ. ಗ್ರ್ಯಾಂಡ್ ಹೊಟೇಲಿನಲ್ಲಿ ಕೆಳ ಅಂತಸ್ತಿನಲ್ಲಿ ಬೆಂಕಿ ಹತ್ತಿತು. ಸತ್ತವರು ೮೫ ಮಂದಿ. ಅವರಲ್ಲಿ ಹೆಚ್ಚಿನವರು ಬೆಂಕಿ ಕಾಣದ ಮೇಲಿನ ಅಂತಸ್ತುಗಳಲ್ಲಿ, ಹೊಗೆಯಿಂದ ಸತ್ತರು. ಲಿಫ್ಟಿನ ಬಾವಿ, ಮೆಟ್ಟಿಲ ಸಾಲು, ಹವಾನಿಯಂತ್ರಣದ ದಾರಿಗಳು ಹೊಗೆಯನ್ನು ಮೇಲಕ್ಕೆ ಒಯ್ದಿದ್ದವು. ಡಕ್ಟಿನೊಳಗೆ, ಬೆಂಕಿ ಬಂದರೆ ತಾನಾಗಿ ಮುಚ್ಚಿಕೊಳ್ಳುವ ಡ್ಯಾಂಪರ್ ಎಂಬ ಕದಗಳಿರುತ್ತವೆ. ಅವಕ್ಕೆ ತಂತಿ ಕಟ್ಟಿ ತೆರೆದೇ ಇಟ್ಟಿದ್ದರೆ, ಮೆಟ್ಟಿಲ ಬಾಗಿಲಿಗೆ ಇಟ್ಟಿಗೆ ಒತ್ತಿಟ್ಟಿದ್ದರೆ, ಬೆಂಕಿಯ ದಿನ ಅವು ಇದ್ದೂ ಇಲ್ಲದಂತೆ.

೭. ನೋಡುವ ಕ್ರಮ

ಯಂತ್ರದ ಕಡೆ ಕೆಲಸ ಮಾಡುವ ನಮ್ಮವರು ಈ ಕ್ರಮವನ್ನು ಬರೆದಿಟ್ಟುಕೊಳ್ಳಬೇಕು.

(ಅ) ಹೊಸ ಗಾಳಿಯ ಜಾಲರಿ ಎಲ್ಲಿದೆ? ಟವರು, ಬಚ್ಚಲಿನ ಎಕ್ಸಾಸ್ಟು, ಸಾಮಾನಿನ ಲಾರಿಗಳ ಹೊಗೆ ಅದರ ಹತ್ತಿರ ಬರುತ್ತವೆಯೇ?

(ಆ) ಫಿಲ್ಟರಿನ ಮುಂದಿನ ಮತ್ತು ಹಿಂದಿನ ಒತ್ತಡಕ್ಕೆ ಎಷ್ಟು ವ್ಯತ್ಯಾಸವಿದೆ? ಅದು ದಿನೇ ದಿನೇ ಏರುತ್ತಿದ್ದರೆ ಫಿಲ್ಟರು ಕಟ್ಟಿದೆ. ತಂಪಿನ ಸುರುಳಿಯ ಕೆಳಗಿನ ತಟ್ಟೆಯಲ್ಲಿ ನೀರು ನಿಂತಿದೆಯೇ?

(ಇ) ಬಾಗಿಲುಗಳ ಬಳಿ ಕಾಗದದ ಚೂರು ಯಾವ ಕಡೆ ಬಾಗುತ್ತದೆ?

(ಈ) ತಣ್ಣೀರಿನ ಹೋಗುವ, ಬರುವ ಅಂಕಿಗಳು. ಟವರಿನ ಎರಡು ಅಂಕಿಗಳು. ಯಂತ್ರ ತಿಂದ ಯುನಿಟ್ಟು. ಮೂರೂ ಹೊಂದುತ್ತವೆಯೇ?

(ಉ) ಟವರಿನ ತೊಟ್ಟಿಯಲ್ಲಿ ಪಾಚಿ, ಲೋಳೆ, ಕೆಸರು ಇದೆಯೇ? ಹನಿ ತಡೆಯುವ ಪಟ್ಟಿಗಳು ಮುರಿದಿವೆಯೇ? ಮೇಲೆ ಹೇಳಿದ ೩೦೦ ಟನ್ ಹೊರೆಯಲ್ಲಿ ಟವರಿನಿಂದ ಗಂಟೆಗೆ ಸುಮಾರು ೧,೮೦೦ ಲೀಟರು ನೀರು ಆವಿಯಾಗುತ್ತದೆ. ಉಪ್ಪು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಸ್ವಲ್ಪ ನೀರನ್ನು ಆಗಾಗ ಹೊರಗೆ ಬಿಡಲೇಬೇಕು. ಟವರು ತೊಳೆಯುವವನು ಮೂಗು ಬಾಯಿಗೆ ಸರಿಯಾದ ಮುಖವಾಡ ಧರಿಸದೆ ಒಳಗೆ ಇಳಿಯಕೂಡದು.

(ಊ) ಬಿಸಿನೀರಿನ ತೊಟ್ಟಿ ೬೦ರಲ್ಲಿದೆಯೇ? ಬಹುದಿನ ಖಾಲಿ ಇದ್ದ ಕೋಣೆಯ ನಲ್ಲಿಗಳನ್ನು ಹನಿ ಸಿಡಿಯದಂತೆ 
ಹರಿಯಬಿಟ್ಟಿದ್ದಾರೆಯೇ?

(ಋ) ಡ್ಯಾಂಪರುಗಳು ಕೈಯಿಂದ ಎಳೆದರೆ ಮುಚ್ಚುತ್ತವೆಯೇ?

(ಎ) ಕೊನೆಗೆ ತಿಂಗಳ ಯುನಿಟ್ಟುಗಳನ್ನು ಆ ತಿಂಗಳು ತುಂಬಿದ್ದ ಕೋಣೆಗಳ ರಾತ್ರಿಗಳಿಂದ ಭಾಗಿಸಿ, ಹಿಂದಿನ ವರ್ಷದ ಅದೇ ತಿಂಗಳಿನೊಡನೆ ಹೋಲಿಸಿರಿ. ಮೇ ತಿಂಗಳನ್ನು ಡಿಸೆಂಬರಿನೊಡನೆ ಹೋಲಿಸಿದರೆ ಅರ್ಥವಿಲ್ಲ.

ಇಷ್ಟನ್ನು ನಾಲ್ಕು ಭಾನುವಾರ ಆ ಹುಡುಗನೊಡನೆ ಕುಳಿತು ಓದಿದೆವು. ಐದನೆಯ ಭಾನುವಾರ ಅವನು ಹೊಸ ಹಾಳೆ ತಂದ. ಅಕ್ಷರ ಸೊಟ್ಟ, ಆದರೆ ಪ್ರತಿ ಸಾಲಿನ ಅಂಕಿಯೂ ಬೇರೆ. ನಡುರಾತ್ರಿಯ ಮೇಲೆ ಮರಳುವ ನೀರು ೧೨ ಅಲ್ಲ, ೯ ಎಂದು ಬರೆದಿದ್ದ. ಅರ್ಧ ಹೊರೆಗೆ ಎರಡು ಯಂತ್ರ ನಡೆಯುತ್ತಿದ್ದವು. ತಾರಸಿಗೆ ಹತ್ತಿ ನೋಡಿ, ‘ತೊಟ್ಟಿಯಲ್ಲಿ ಲೋಳೆ, ಒಂದು ಬದಿಯ ಪಟ್ಟಿ ಮುರಿದಿದೆ’ ಎಂದೂ ಷರಾ ಬರೆದಿದ್ದ.

“ಮೇಲಿನವರಿಗೆ ತೋರಿಸಿದೆಯಾ?” ಎಂದೆ.

“ತೋರಿಸಿದೆ, ಅಣ್ಣಾ. ಇಷ್ಟು ದಿನ ಇಲ್ಲದ್ದು ಇವತ್ತು ಎಲ್ಲಿಂದ ಬಂತು ಎಂದು ಕೇಳಿದರು. ಇಷ್ಟು ದಿನ ನಾನು ನೋಡದೆ ಬರೆದದ್ದು ಎಂದು ಹೇಳಿಬಿಟ್ಟೆ.”

ಅವನಿಗೆ ಬೈಗಳು ಸಿಕ್ಕಿತು. ಒಂದು ವಾರ ಕೆಲಸ ಉಳಿಯುವುದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಊರಿಗೆ ಹಣವನ್ನೂ ಕಳಿಸಲಿಲ್ಲವಂತೆ. ಎಂಟನೆಯ ದಿನ ಟವರಿನ ನೀರು ಖಾಲಿ ಮಾಡಿಸಿ ತೊಳೆಸಿದರು, ಪಟ್ಟಿ ಹೊಸದಾಯಿತು, ರಾತ್ರಿ ಒಂದು ಯಂತ್ರವನ್ನು ನಿಲ್ಲಿಸಿದರು. ಮೇಲಿನ ಕೆಲಸ ಇನ್ನೂ ಸಿಕ್ಕಿಲ್ಲ. ಆದರೆ ಹಾಳೆ ತುಂಬುವ ಕೆಲಸವನ್ನು ಈಗ ಮೂರು ಪಾಳಿಯವರಿಗೂ ಅವನೇ ಹೇಳಿಕೊಡುತ್ತಿದ್ದಾನೆ.

ನಾವು ಬರೆಯುವ ಅಂಕಿಯನ್ನು ಯಾರೂ ಓದುವುದಿಲ್ಲ ಎಂಬ ಭಾವನೆ ಗುಮಾಸ್ತನಿಗೂ ಕೂಲಿಗಾರನಿಗೂ ಸಹಜ. ಎಷ್ಟೋ ಸಲ ಅದು ನಿಜವೂ ಹೌದು. ಆದರೂ ಆ ಅಂಕಿಯ ಕೆಳಗೆ ಮಲಗಿ ನಿದ್ರಿಸುವವರು ಇದ್ದಾರೆ, ಆ ಗಾಳಿಯನ್ನು ಉಸಿರಾಡುವ ಅಡಿಗೆಯವರು, ಗುಡಿಸುವವರು, ಬಾಗಿಲು ಕಾಯುವವರು ಇದ್ದಾರೆ. ಅವರಲ್ಲಿ ನಮ್ಮವರೇ ಎಷ್ಟೋ ಮಂದಿ.

ಅಭ್ಯಾಸಕ್ಕೆ ಪ್ರಶ್ನೆಗಳು

೧. ಗಂಟೆಗೆ ೧,೨೦,೯೬೦ ಲೀಟರು ತಣ್ಣೀರು ಹರಿದು, ಹೋಗುವಾಗ ೭, ಬರುವಾಗ ೧೧ ಡಿಗ್ರಿ ಇದ್ದರೆ ಎಷ್ಟು ಟನ್? ಆಗ ಯಂತ್ರ ಗಂಟೆಗೆ ೧೨೮ ಯುನಿಟ್ಟು ತಿಂದರೆ ಟನ್ನಿಗೆ ಎಷ್ಟು?

೨. ೧೫೦ ಜನರ ಸಭಾಂಗಣಕ್ಕೆ ಸೆಕೆಂಡಿಗೆ ಎಷ್ಟು ಲೀಟರು ಹೊಸ ಗಾಳಿ ಬೇಕು?

೩. ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ವಿದ್ಯುತ್ತು ಎಷ್ಟರ ಒಂದು ಪಾಲಾಗುತ್ತದೆ?

೪. ಬಿಸಿನೀರಿನ ತೊಟ್ಟಿಯನ್ನು ೪೫ ಡಿಗ್ರಿಗೆ ಇಳಿಸಬೇಕೆಂದು ಒಬ್ಬರು ಸೂಚಿಸಿದ್ದಾರೆ. ಒಪ್ಪದೆ, ಆದರೆ ಮರ್ಯಾದೆಯಿಂದ, ಹತ್ತು ಸಾಲಿನ ಉತ್ತರ ಬರೆಯಿರಿ.

ಉತ್ತರ ಬರೆದು ತಂದವರಿಗೆ ಭಾನುವಾರ ಬೆಳಿಗ್ಗೆ ವಾಚನಾಲಯದಲ್ಲಿ ತಿದ್ದಿಕೊಡಲಾಗುವುದು. ಮೇಲಿನ ಸಾಲು ನೋಡಿ ಬರೆಯಬಾರದಾಗಿ ವಿನಂತಿ.